ಎಲ್ಲವೂ ‘ಗ್ಯಾಸ್ಟ್ರಿಕ್’ ಅಲ್ಲ

ಪವಾಯಿಯ ಔಷಧದಂಗಡಿಯಲ್ಲಿ ‘ಅಸಿಡಿಟಿ’ ಎಂದರೆ ಸಾಕು, ಮಾತ್ರೆ ಕೈಗೆ ಬರುತ್ತದೆ. ಮುಂಬಯಿ ಕನ್ನಡಿಗರ ಮನೆಗಳಲ್ಲಿ ಅದರ ಹೆಸರು ‘ಗ್ಯಾಸ್ಟ್ರಿಕ್’. ಹೊಟ್ಟೆಹುಣ್ಣು, ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರ ಎಲ್ಲಕ್ಕೂ ಅದೊಂದೇ ಮಾತು. ಆದರೆ ಹುಣ್ಣು ಬೇರೆ, ಎದೆಯುರಿ ಬೇರೆ. ಒಂದೇ ಬ್ಯಾಕ್ಟೀರಿಯಾ ಈ ಎರಡರ ಜೊತೆ ಎರಡು ಬಗೆಯಲ್ಲಿ ನಡೆದುಕೊಳ್ಳುತ್ತದೆಂದು ತಿಳಿಯಲು ವೈದ್ಯರಿಗೆ ದಶಕಗಳೇ ಹಿಡಿದವು.

ಈ ಕಥೆಯ ಒಂದು ಎಳೆ ಮುಂಬಯಿಗೂ ಸೇರಿದೆ. ಪವಾಯಿಯಿಂದ ಪಶ್ಚಿಮಕ್ಕೆ ಹೋದರೆ ಸಿಗುವ ಅಂಧೇರಿ ಪಶ್ಚಿಮ ರೈಲ್ವೆಯ ನಿಲ್ದಾಣ. ಮುಂದೆ ಅದೇ ರೈಲ್ವೆಯ ವೈದ್ಯಾಧಿಕಾರಿಯಾಗಿ ಹೆಸರಾದ ಡಾ. ಎಸ್. ಎಲ್. ಮಲ್ಹೋತ್ರಾ 1964ರಲ್ಲಿ ಭಾರತದ ಹೊಟ್ಟೆಹುಣ್ಣಿನ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ಅನ್ನ ಉಣ್ಣುವ ದಕ್ಷಿಣದಲ್ಲಿ ಸಣ್ಣಕರುಳಿನ ಮೊದಲ ಭಾಗದ ಹುಣ್ಣು ಹೆಚ್ಚು, ರೊಟ್ಟಿ ತಿನ್ನುವ ಪಂಜಾಬಿನಲ್ಲಿ ಕಡಿಮೆ ಎಂಬುದು ಅವರು ಕಂಡ ಸಂಗತಿ. ರೊಟ್ಟಿಯನ್ನು ಅಗಿಯಬೇಕು, ಅಗಿದಾಗ ಜೊಲ್ಲು ಬೆರೆಯುತ್ತದೆ, ಅದೇ ರಕ್ಷೆ ಎಂದು ಅವರು ವಾದಿಸಿದರು. ಸೂಕ್ಷ್ಮಜೀವಿಯ ಸುಳಿವು ಆಗ ಹೆಚ್ಚಿನವರಿಗೆ ಇರಲಿಲ್ಲ.

ಆ ಸುಳಿವು ಗಟ್ಟಿಯಾದದ್ದು ಆಸ್ಟ್ರೇಲಿಯಾದ ಪರ್ತ್‌ನಲ್ಲಿ. 1982ರಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಹೊಟ್ಟೆಯೊಳಗಿನ ಸುರುಳಿಯಾಕಾರದ ಬ್ಯಾಕ್ಟೀರಿಯಾವನ್ನು ಬೆಳೆಸಿದರು. ಅದೇ ಇಂದಿನ ಹೆಲಿಕೋಬ್ಯಾಕ್ಟರ್ ಪೈಲೋರಿ. ಜನ ನಂಬದಿದ್ದಾಗ ಮಾರ್ಷಲ್ 1984ರಲ್ಲಿ ಅದನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅಷ್ಟರಲ್ಲಿ ಹುಣ್ಣಿಗೆ ಆ್ಯಂಟಿಬಯೋಟಿಕ್ ಕೊಡುವುದು ರೂಢಿಯಾಗಿತ್ತು.

ಆದರೂ ಮಲ್ಹೋತ್ರಾ ಕಂಡ ವ್ಯತ್ಯಾಸಕ್ಕೆ ಪೂರ್ತಿ ಉತ್ತರ ಸಿಗಲಿಲ್ಲ. ಈ ಸೋಂಕು ಭಾರತದ ಎಲ್ಲೆಡೆಯೂ ವ್ಯಾಪಕ. 1990ರ ದಶಕದಲ್ಲಿ ಮುಂಬಯಿಯಲ್ಲಿ ಎಚ್. ಜಿ. ದೇಸಾಯಿ ಮತ್ತು ಸಂಗಡಿಗರು ನಡೆಸಿದ ರಕ್ತಪರೀಕ್ಷೆಗಳಲ್ಲಿ, ಹದಿಹರೆಯದ ಹೊತ್ತಿಗೇ ಬಹುಪಾಲು ಜನರಿಗೆ ಸೋಂಕು ತಗುಲಿದ್ದು ಕಂಡಿತು. ಸೋಂಕಿದ್ದವರೆಲ್ಲರಿಗೂ ಹುಣ್ಣಾಗುವುದಿಲ್ಲ.

ಅಷ್ಟರಲ್ಲಿ ಇನ್ನೊಂದು ಪ್ರಶ್ನೆ ಎದ್ದಿತು. 1997ರಲ್ಲಿ ಜರ್ಮನಿಯ ಲಾಬೆನ್ಸ್ ತಂಡ ಹುಣ್ಣಿನ ರೋಗಿಗಳನ್ನು ಮೂರು ವರ್ಷ ಗಮನಿಸಿದ ಅಧ್ಯಯನವನ್ನು ಪ್ರಕಟಿಸಿತು. ಸೋಂಕು ವಾಸಿಯಾದವರಲ್ಲಿ ಸುಮಾರು 26% ಜನರಿಗೆ ಆಮ್ಲ ಮೇಲೇರಿ ಅನ್ನನಾಳದಲ್ಲಿ ಉರಿಯೂತವಾಯಿತು. ಸೋಂಕು ಉಳಿದವರಲ್ಲಿ ಅದು ಸುಮಾರು 13%. ಹಾಗಾದರೆ ಈ ಬ್ಯಾಕ್ಟೀರಿಯಾ ಅನ್ನನಾಳವನ್ನು ಕಾಯುತ್ತಿತ್ತೇ?

ಉತ್ತರ ಇರುವುದು ಸೋಂಕು ಕೂತ ಜಾಗದಲ್ಲಿ. ಜಠರದ ಕೆಳಭಾಗದಲ್ಲಿ ಉರಿಯೂತವಾದರೆ ಆಮ್ಲ ಹೆಚ್ಚುತ್ತದೆ, ಹುಣ್ಣಿಗೆ ದಾರಿಯಾಗುತ್ತದೆ. ಮೇಲ್ಭಾಗಕ್ಕೆ ಹಬ್ಬಿದರೆ ಆಮ್ಲ ಸುರಿಸುವ ಕೋಶಗಳೇ ಸೊರಗುತ್ತವೆ, ಎದೆಯುರಿಯೂ ತಗ್ಗುತ್ತದೆ. ಆದರೆ ಆ ನೆಮ್ಮದಿ ದುಬಾರಿ: ಜಠರದ ಕ್ಯಾನ್ಸರಿಗೆ ನೆಲ ಹದವಾಗುವುದು ಅಲ್ಲೇ. 1994ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಇದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತ್ತು. ಮುಂದಿನ ಹಲವು ಪ್ರಯೋಗಗಳಲ್ಲಿ, ಸೋಂಕು ತೊಲಗಿದರೆ ಎದೆಯುರಿ ಹೆಚ್ಚುತ್ತದೆ ಎಂಬ ಭಯ ಸಾಮಾನ್ಯ ನಿಯಮವಾಗಿ ನಿಲ್ಲಲಿಲ್ಲ. ಎದೆಯುರಿ ಬಂದೀತೆಂದು ಸೋಂಕನ್ನು ಉಳಿಸಿಕೊಳ್ಳಿ ಎಂದು ಇಂದಿನ ಮಾರ್ಗಸೂಚಿಗಳು ಹೇಳುವುದಿಲ್ಲ.

2011ರಲ್ಲಿ ಮುಂಬಯಿಯ ಡಾ. ಶೋಭನಾ ಭಾಟಿಯಾ ಮತ್ತು ದೇಶದ ಇತರ ತಜ್ಞರ ವರದಿ ಬಂತು. 3,224 ಜನರಲ್ಲಿ 7.6% ಮಂದಿಗೆ ವಾರಕ್ಕೊಮ್ಮೆಯಾದರೂ ಎದೆಯುರಿ ಅಥವಾ ಹುಳಿನೀರು ಬಾಯಿಗೆ ಬರುವ ತೊಂದರೆಯಿತ್ತು. ಅನ್ನನಾಳದ ಕೆಳಗಿನ ಕವಾಟ ಸಡಿಲವಾಗಿ ಉರಿಯುವವರಿಗೆ ಆ್ಯಂಟಿಬಯೋಟಿಕ್ ಪರಿಹಾರವಲ್ಲ. ಸೋಂಕಿನಿಂದ ಹುಣ್ಣಾದವರಿಗೆ ಬರೀ ಆಮ್ಲ ತಗ್ಗಿಸುವ ಮಾತ್ರೆ ಸಾಲದು, ಅದು ಹುಣ್ಣನ್ನು ಮಾಯಿಸಿದರೂ ಸೋಂಕನ್ನು ತೊಲಗಿಸುವುದಿಲ್ಲ. ಅಂಗಡಿಯ ಕಟ್ಟೆಯ ಮುಂದೆ ನಿಂತು ಹೇಳುವ ‘ಗ್ಯಾಸ್ಟ್ರಿಕ್’ ಎಂಬ ಒಂದು ಮಾತಿನಲ್ಲಿ ಇವೆರಡರ ವ್ಯತ್ಯಾಸ ಅಳಿಸಿಹೋಗುತ್ತದೆ.