ಕ್ಲೋವರ್ ಕಸ ಆದದ್ದು ಹೆಂಗ

ಅಮೇರಿಕಾದಾಗ ಮನಿ ಮುಂದ ಹಸರ ಹುಲ್ಲಹಾಸು ಮಾಡ್ತಾರಲ್ಲ, ಅದಕ್ಕ ಲಾನ್ ಅಂತಾರ. 1940ರ ತನಕಾ ಆ ಲಾನಿನ ಬೀಜದ ಚೀಲದಾಗ ಹುಲ್ಲಿನ ಬೀಜದ ಸಂಗಟ ಬಿಳಿ ಕ್ಲೋವರ್ ಬೀಜಾನೂ ಕೂಡಿಸಿ ಮಾರೋದು ರೂಢಿ ಇತ್ತು. ಇವತ್ತು ಅದೇ ಕ್ಲೋವರ್ ಕಂಡ್ರ ಕಸ ಅಂತ ಔಷಧ ಹೊಡೀತಾರ.

ಕ್ಲೋವರ್ ಅಂದ್ರ ನಮಗೇನ ಪೂರಾ ಪರಕೀ ಅಲ್ರಿ. ಮೆಂತೆಪಲ್ಯೆದ ಬಳಗದ್ದು. ಹಂಗ ಮೂರು ಮೂರು ಎಲಿ, ಬಿಳೆ ಗುಂಡನ್ನ ಹೂವು, ನೆಲಕ್ಕ ಹತ್ತಿ ಹಬ್ಬತದ. ಶೇಂಗಾಬಳ್ಳಿ ಕಿತ್ತಾಗ ಬೇರಿಗೆ ಸಾಸ್ವಿಕಾಳಿನಂಥ ಗಂಟು ಇರ್ತಾವ, ನೋಡೀರಲ್ಲ? ಕ್ಲೋವರ್ ಬೇರಿಗೂ ಅಂಥಾವು ಇರ್ತಾವ. ಅದರೊಳಗಿನ ಸೂಕ್ಷ್ಮಜೀವಿಗಳು ಗಾಳಿಯೊಳಗಿನ ಸಾರಜನಕ ಹಿಡದು ಗಿಡಕ್ಕ ಗೊಬ್ಬರ ಮಾಡಿ ಕೊಡ್ತಾವ. ಬಾಜೂ ಇದ್ದ ಹುಲ್ಲಿಗೂ ಅದರ ಪಾಲು ಸಿಗತದ. ಅದಕ್ಕ ಹಿಂದಿನವರು ಎರಡೂ ಕೂಡಿಸಿ ಬಿತ್ತತಿದ್ರು.

ಲಾನಿನ ಹುಚ್ಚು ಹುಟ್ಟಿದ್ದು ಮಾತ್ರ ಇಂಗ್ಲೆಂಡಿನ ಸಾವಕಾರ್ರ ಬಂಗಲೆದಾಗ. ಕುರಿ ಮೇಯಿಸಬೇಕು, ಇಲ್ಲಾ ಆಳು ಹಚ್ಚಿ ಉದ್ದನ್ನ ಕುಡಗೋಲಿಂದ ಕೊಯ್ಯಿಸಬೇಕು. ಬಡವರ ಮನಿಯಾಗ ಅದೆಲ್ಲಿ ಆಗಬೇಕು? 1830ರಾಗ ಎಡ್ವಿನ್ ಬಡ್ಡಿಂಗ್ ಅನ್ನಾಂವ ಹುಲ್ಲು ಕೊಯ್ಯೋ ಮಶೀನ್ ಮಾಡಿದ. ಉಣ್ಣಿ ಅರಿವಿ ಮ್ಯಾಲಿನ ಜುಂಜು ಸವರೋ ಗಿರಣಿ ಯಂತ್ರ ನೋಡಿ ಅವಗ ಆ ಯುಕ್ತಿ ಹೊಳೀತಂತ. ಬರ್ತಾ ಬರ್ತಾ ಸಾದಾ ಮಂದಿ ಅಂಗಳಕ್ಕೂ ಲಾನ್ ಬಂತು.

ಮುಂದ ಎರಡನೇ ಮಹಾಯುದ್ಧ. ಆ ಕಾಲದಾಗ ಇಂಗ್ಲೆಂಡು, ಅಮೇರಿಕಾ ಎರಡೂ ಕಡೆ ವಿಜ್ಞಾನಿಗಳು 2,4-ಡಿ ಅನ್ನೋ ಔಷಧ ಕಂಡುಹಿಡದ್ರು. 1945ಕ್ಕ ಪ್ಯಾಟಿಗೆ ಬಂತು. ಅದು ಅಗಲ ಎಲಿ ಗಿಡಾನ ಅಡ್ಡಾದಿಡ್ಡಿ ಬೆಳಿಸಿ, ಮುರಟಿಸಿ ಕೊಲ್ಲತದ, ಹುಲ್ಲನ್ನ ಬಿಡತದ. ನಮ್ಮ ಕಡೆನೂ ಕಬ್ಬಿಗೆ, ಗೋವಿನಜೋಳಕ್ಕ ಹೊಡೀತಾರ. ಗಾಳಿಗೆ ಹಾರಿ ಬಾಜೂ ಹೊಲದ ಹತ್ತಿಗೆ ಬಿತ್ತಂದ್ರ ಎಲಿ ಮುದುಡಿ ಹೋಗತಾವ, ಹೊಲದವರಿಗೆ ಗೊತ್ತದ.

ಲಾನಿನಾಗ ಬ್ಯಾರೆ ಕಸ ಸಾಯಲಿ ಅಂತ ಹೊಡದ್ರ ಕ್ಲೋವರೂ ಸತ್ತು ಹೋತು. ಕ್ಲೋವರ್ ಉಳಿಸೋ ಔಷಧ ಹುಡಕೋದು ಬಿಟ್ಟು, ಕ್ಲೋವರಿಗೇ ಕಸ ಅಂತ ಹೆಸರಿಟ್ರು! ಪುಕ್ಕಟ ಗೊಬ್ಬರ ಕೊಡೋದು ಹೋದ ಮ್ಯಾಲ ಹುಲ್ಲಿಗೆ ಚೀಲದ ಗೊಬ್ಬರ ಕೊಳ್ಳೋದು ಬಂತು. ಬೇಕಂತನ ಮಾಡಿದ್ರು ಅಂತ ನಾ ಅನ್ನಂಗಿಲ್ಲ. ಆದ್ರ ಲಾಭ ಯಾರಿಗಾತು ಅನ್ನೋದು ಕಾಣಸ್ತದಲ್ಲ.

ಇದೆಲ್ಲಾ ಹುಡುಕಿ ಓದಲಿಕ್ಕೆ ಕಾರಣ ನನ್ನ ತಂಗಿ ಮಗಳು. ಮಿನಿಸೋಟಾದಾಗ ಇರ್ತಾಳ, ಹತ್ತು ತಿಂಗಳ ಕೂಸು ಅಂಬೆಗಾಲಿಡತದ, ಸಿಕ್ಕದ್ದೆಲ್ಲಾ ಬಾಯಿಗೆ. ಬಾಜೂದವರ ಲಾನಿನಾಗ ಔಷಧ ಹೊಡದು, ಮಕ್ಕಳನ್ನ ಬಿಡಬ್ಯಾಡ್ರಿ ಅಂತ ಸಣ್ಣ ಧ್ವಜಾ ಚುಚ್ಚಿರ್ತಾರ. ಈಕಿ ಔಷಧ ಬ್ಯಾಡ ಅಂತ ಬಿಟ್ಟು ಕ್ಲೋವರ್ ಬಿತ್ತಿದ್ಲು. ಕಾಲನಿ ಸಂಘದವರು "ಲಾನ್ ಕೆಟ್ಟದ, ಸರಿ ಮಾಡ್ರಿ" ಅಂತ ಪತ್ರಾ ಕಳಿಸಿದ್ರು. "ದೊಡ್ಡಮ್ಮಾ, ಈಗ ಏನ್ ಮಾಡಲಿ?" ಅಂತ ಫೋನಿನಾಗ ಅಳೋ ದನಿ.

ನಾ ಹೇಳಿದೆ, ಅಳಬ್ಯಾಡ, ಉತ್ತರ ಬರಿ. ಅವರದೇ ರಾಜ್ಯದ ಸರಕಾರ 2019ರಾಗ ರೊಕ್ಕಾ ತಗದಿಟ್ಟು, ಲಾನ್ ಇದ್ದಲ್ಲೆ ಜೇನುಹುಳಕ್ಕ ಬೇಕಾದ ಹೂವಿನ ಗಿಡಾ ಹಚ್ಚವರಿಗೆ ಸಹಾಯ ಮಾಡೋ ಯೋಜನಾ ತಂದದ, ಅದರಾಗ ಕ್ಲೋವರಿಗೂ ಜಾಗಾ ಅದ. ಅದನ್ನ ಬರದು ಕಳಿಸ್ಯಾಳ.

ಕ್ಲೋವರಿನಾಗ ತ್ರಾಸಿಲ್ಲ ಅಂತಲ್ಲ. ಹೂ ಬಿಟ್ಟಾಗ ಜೇನುಹುಳ ಬರ್ತಾವ, ಬರಿಗಾಲಿಲೆ ಅಡ್ಡಾಡಿದ್ರ ಕಡೀತಾವ. ಹುಡುಗರು ದಿನಾ ಚೆಂಡಾಡೋ ಜಾಗಾದಾಗ ತಡಿಯಂಗಿಲ್ಲ. ನಮ್ಮ ಬಿಸಲಿಗಂತೂ ಒಣಗಿ ಹೋಗತದ, ಅದು ಥಂಡಿ ಸೀಮಿ ಗಿಡ. ಇಲ್ಲೆ ನಮ್ಮ ಕರಕಿನ ಚಲೋ.

ನೆರಳು, ತಂಪು ಇದ್ದಲ್ಲೆ ಹಾವಸಿನೂ ಆಗತದ. ಜಪಾನಿನ ಕ್ಯೋಟೋದಾಗ ಸೈಹೋಜಿ ಅನ್ನೋ ಗುಡಿ ತೋಟದಾಗ ನೂರಕ್ಕೂ ಹೆಚ್ಚು ನಮೂನಿ ಹಾವಸಿ ಅವ. ಯಾರೂ ಹಚ್ಚಿದ್ದಲ್ಲ. ತೋಟ ನೋಡಕೊಳ್ಳಲಿಕ್ಕೆ ರೊಕ್ಕಾ ಇಲ್ಲದ ಕಾಲದಾಗ ತಾನ ಹಬ್ಬಿದ್ದು.

ಸಂಘದವರ ಉತ್ತರ ಇನ್ನೂ ಬಂದಿಲ್ಲ. ಕ್ಲೋವರ್ ಹೂ ಬಿಟ್ಟದ, ಫೋಟೋ ಕಳಿಸಿದ್ಲು.