ಜಖಂ ಪಟ್ಟಿ: ದಿಂಡಿಗಲ್ಲಿನ ಸಿಪಾಯಿಗಳೂ ರಜೆಯ ಲೆಕ್ಕವೂ

ಸೈನಿಕರು ರಜೆ ಕೇಳೋದು ಹೇಗೆ, ಅದು ಸಿಗೋದು ಹೇಗೆ ಅನ್ನೋದು ಇವತ್ತಿನ ವಿಷಯ. ಕನ್ನಡ ಎಂ.ಎ. ಓದೋರಿಗೆ ಇದು ಯಾಕೆ ಅಂತ ಹೋದ ವಾರವೇ ಒಬ್ಬರು ಕೇಳಿದ್ದರು. ನನಗೆ ಇದರ ಹುಚ್ಚು ಹಿಡಿದದ್ದು ಒಂದು ಪದದಿಂದ.

ನಾವು ದಿನಾ ಬಳಸುವ 'ರಜೆ' ಅರಬ್ಬಿ ಮೂಲದ್ದು, ಪಾರಸಿ ಮತ್ತು ಹಿಂದೂಸ್ತಾನಿಯ ದಾರಿಯಲ್ಲಿ ನಮ್ಮ ಹತ್ತಿರ ಬಂದದ್ದು. ಅಲ್ಲಿ 'ರಜಾ' ಅಂದರೆ ವಿಶ್ರಾಂತಿ ಅಲ್ಲ, ಒಪ್ಪಿಗೆ, ಸಮ್ಮತಿ. ಅಂದರೆ ರಜೆ ಇರೋದು ಕೇಳುವವನಲ್ಲಿ ಅಲ್ಲ, ಕೊಡುವವನಲ್ಲಿ. ಹಾಜರಿ, ಗೈರು, ಜಖಂ ಇವೂ ಅದೇ ದಾರಿಯಲ್ಲಿ ಬಂದ ಪದಗಳೇ. ಇದಕ್ಕೂ ಹಿಂದಿನ ನಮ್ಮ ಸಾಹಿತ್ಯದಲ್ಲಿ ಜೋಳವಾಳಿ, ವೇಳೆವಾಳಿ ಇವೆ: ಉಂಡ ಅನ್ನದ ಋಣವನ್ನು ಪ್ರಾಣ ಕೊಟ್ಟು ತೀರಿಸೋ ಸಂಬಂಧ. ನಾನು ಓದಿದ ಮಟ್ಟಿಗೆ ಅಲ್ಲಿ ಯೋಧ ಬೀಳ್ಕೊಂಡು ಹೋಗೋದು ಯುದ್ಧಕ್ಕೆ, ಮನೆಗಲ್ಲ. ವೀರಗಲ್ಲುಗಳ ಮೇಲೆ ಸತ್ತವನಿದ್ದಾನೆ. ಬೆಳೆ ಕೊಯ್ಲಿಗೆ ಅಂತ ಎರಡು ತಿಂಗಳು ಊರಿಗೆ ಹೋಗಿ ಬಂದವನನ್ನ ಯಾರೂ ಕಲ್ಲಿನಲ್ಲಿ ಕೆತ್ತಲಿಲ್ಲ.

ಅವನನ್ನ ಹುಡುಕೋಕೆ ನಾನು ಹೋದದ್ದು ದಿಂಡಿಗಲ್ಲಿಗೆ. ತಮಿಳುನಾಡಿನ ಈಗಿನ ತೇನಿ, ದಿಂಡಿಗಲ್ ಜಿಲ್ಲೆಗಳು ನಮಗೆ ಹೊರನಾಡು ಅನ್ನಿಸಬಹುದು. ಆದರೆ ಕಂಬಂ ಕಣಿವೆಯಲ್ಲಿ ಕಪ್ಪಿಲಿಯರು ಇವತ್ತಿಗೂ ಮನೆಯೊಳಗೆ ಕನ್ನಡ ಮಾತಾಡ್ತಾರೆ. ಅನುಪ್ಪರ ಬಗ್ಗೆಯೂ ಥರ್ಸ್ಟನ್ 1909ರ ತನ್ನ ಗ್ರಂಥದಲ್ಲಿ ಕನ್ನಡದ ಬೇಸಾಯಗಾರರು ಅಂತಲೇ ಬರೆದಿದ್ದಾನೆ. ದಿಂಡಿಗಲ್ ಕೋಟೆಯಂತೂ ಹದಿನೆಂಟನೇ ಶತಮಾನದ ನಡುವಿನಲ್ಲಿ ಮೈಸೂರಿನ ಕೈಯಲ್ಲಿತ್ತು. 1755ರಲ್ಲಿ ಅಲ್ಲಿಗೆ ಫೌಜುದಾರನಾಗಿ ಹೋದವನು ಹೈದರ್ ಅಲಿ. ಆಗಿನ್ನೂ ನವಾಬನಲ್ಲ, ಶ್ರೀರಂಗಪಟ್ಟಣದಲ್ಲಿ ನಂಜರಾಜಯ್ಯನ ದರ್ಬಾರು ನಡೀತಿತ್ತು. ಸುತ್ತಲಿನ ಪಾಳೆಯಗಾರರನ್ನ ಬಗ್ಗಿಸೋದು, ಕಂದಾಯ ವಸೂಲಿ ಮಾಡೋದು ಹೈದರನ ಕೆಲಸ.

ಅಲ್ಲಿ ನಡೆದ ಒಂದು ಪ್ರಸಂಗವನ್ನ ಮಾರ್ಕ್ ವಿಲ್ಕ್ಸ್ ತನ್ನ ದಕ್ಷಿಣ ಭಾರತದ ಇತಿಹಾಸದಲ್ಲಿ ಹೇಳ್ತಾನೆ. ಹೈದರ್ ಗೆಲುವಿನ ಸುದ್ದಿ ಕಳಿಸಿದ. ರಾಜಧಾನಿಯಿಂದ ಉಡುಗೊರೆಯ ಜೊತೆಗೆ 'ಜಖಂ ಪಟ್ಟಿ' ಹಂಚೋಕೆ ಒಬ್ಬ ಅಧಿಕಾರಿ ಬಂದ. ಜಖಂ ಪಟ್ಟಿ ಅಂದರೆ ಗಾಯಾಳುವಿಗೆ ವಾಸಿಯಾಗೋವರೆಗೆ ಸರಕಾರ ಕೊಡೋ ಭತ್ಯೆ, ತಿಂಗಳಿಗೆ 14 ರೂಪಾಯಿ. ನಿಜವಾಗಿ ಗಾಯಗೊಂಡವರು 67 ಜನ. ಹೈದರ್ ತೋರಿಸಿದ್ದು ಸುಮಾರು 700 ಜನರನ್ನ, ಕೈಕಾಲಿಗೆ ಅರಿಶಿನದಲ್ಲಿ ಅದ್ದಿದ ಬಟ್ಟೆ ಸುತ್ತಿಸಿ. ಹಣ ಬಂತು. ನಿಜವಾದ ಗಾಯಾಳುಗಳಿಗೆ ಸಿಕ್ಕಿದ್ದು ತಿಂಗಳಿಗೆ 7 ರೂಪಾಯಿ.

ಲೆಕ್ಕ ಹಾಕಿ ನೋಡಿ. 700 ಜನಕ್ಕೆ ತಿಂಗಳಿಗೆ 9,800 ರೂಪಾಯಿ. 67 ಜನರ ಕೈ ಸೇರಿದ್ದು 469. ಇದೇ ದಿಂಡಿಗಲ್ಲಿನ ಹಾಜರಿಯ ಬಗ್ಗೆಯೂ ವಿಲ್ಕ್ಸ್ ಬರೀತಾನೆ: 10 ಸಾವಿರ ಜನರನ್ನ 18 ಸಾವಿರ ಅಂತ ಎಣಿಸಿ ತೋರಿಸೋ 'ಸುತ್ತು ಹಾಜರಿ'. ಎಣಿಕೆಗೆ ಸಿಕ್ಕವರೇ ಸುತ್ತಿ ಬಂದು ಮತ್ತೆ ಸಾಲಲ್ಲಿ ನಿಲ್ಲೋದು ಅಂತ ನಾನು ಅರ್ಥ ಮಾಡ್ಕೊಂಡಿದ್ದೀನಿ.

ಈ ಕಥೆಯನ್ನ ಸಾಮಾನ್ಯವಾಗಿ ಹೈದರನ ಜಾಣತನಕ್ಕೋ ಮೋಸಕ್ಕೋ ಉದಾಹರಣೆಯಾಗಿ ಹೇಳ್ತಾರೆ. ವಿಲ್ಕ್ಸ್ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದವನು, ಬರೆದದ್ದು 1799ರ ಸೋಲಿನ ನಂತರ. ಹೈದರನನ್ನ ಹೀಗೆ ಚಿತ್ರಿಸೋದರಲ್ಲಿ ಅವನಿಗೊಂದು ಖುಷಿ ಇದ್ದೇ ಇತ್ತು. ಹಾಗಾಗಿ ಅಂಕಿಗಳನ್ನ ಕಣ್ಣುಮುಚ್ಚಿ ನಂಬಬೇಕಿಲ್ಲ. ಆದರೆ ಸುಳ್ಳು ಹೇಳಬೇಕಾದರೂ ಒಂದು ವ್ಯವಸ್ಥೆ ಇರಬೇಕಲ್ಲ? ನನಗೆ ಬೇಕಾದದ್ದು ಅದು. ಗಾಯಗೊಂಡವನು ಕೆಲಸ ಮಾಡದೆ ಸಂಬಳ ಪಡೆಯಬಹುದು ಅನ್ನೋ ಒಪ್ಪಿಗೆ ಆಗಲೇ ಇತ್ತು. ಗಾಯ ಇದೆ ಅಂತ ಕಣ್ಣಾರೆ ತೋರಿಸಬೇಕಿತ್ತು. ವಾಸಿಯಾಗೋಕೆ ಎಷ್ಟು ದಿನ ಅಂತ ಯಾರೋ ಒಬ್ಬರು ಹೇಳಬೇಕಿತ್ತು. ಹಣ ಮಾತ್ರ ಸಿಪಾಯಿಯ ಕೈಗೆ ಬರ್ತಿದ್ದದ್ದು ಅವನ ದಳವಾಯಿಯ ಮೂಲಕ.

ಕನ್ನಡದಲ್ಲಿ 'ಪಟ್ಟಿ' ಅಂದರೆ ಗಾಯಕ್ಕೆ ಕಟ್ಟೋ ಬಟ್ಟೆಯೂ ಹೌದು, ಹೆಸರುಗಳ ಯಾದಿಯೂ ಹೌದು. ದಿಂಡಿಗಲ್ಲಿನಲ್ಲಿ ಎರಡೂ ಒಂದೇ ಆಗಿಬಿಟ್ಟವು. ಆ ಅರಿಶಿನದ ಬಟ್ಟೆಯೇ ನಮ್ಮ ಕಾಲದ ಮೆಡಿಕಲ್ ಸರ್ಟಿಫಿಕೇಟು. ಗಾಯವೇ ಇಲ್ಲದ ಆರುನೂರ ಚಿಲ್ಲರೆ ಜನ ಅವತ್ತು ಸುಮ್ಮನೆ ಕೂತಿದ್ದು ನರಳೋ ನಟನೆ ಮಾಡಿದರಲ್ಲ, ಅದನ್ನ ಡ್ಯೂಟಿ ಅನ್ನಬೇಕೋ ರಜೆ ಅನ್ನಬೇಕೋ, ನೀವೇ ಹೇಳಿ. ನನಗೆ ಬೇಜಾರಾಗೋದು ಆ 67 ಜನರ ಬಗ್ಗೆ. ಸುಳ್ಳು ಗಾಯಕ್ಕೂ ನಿಜವಾದ ಗಾಯಕ್ಕೂ ಒಂದೇ ಪಟ್ಟಿ ಕಟ್ಟಿದ ಮೇಲೆ, ತಮ್ಮ ಪೂರ್ತಿ 14 ರೂಪಾಯಿ ಕೇಳೋಕೆ ಅವರ ಹತ್ತಿರ ಬೇರೆ ಸಾಕ್ಷಿ ಏನಿತ್ತು?

1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ದಿಂಡಿಗಲ್ ಕಂಪನಿಗೆ ಹೋಯಿತು. ಮದ್ರಾಸ್ ಸೈನ್ಯದ ರಜೆಯ ಕಥೆ ಬೇರೆ ತರಹದ್ದು, ಅದನ್ನ ಬೇಗ ಮುಗಿಸ್ತೀನಿ. ಬಂಗಾಳದ ಸಿಪಾಯಿಯ ಹೆಂಡತಿ ಮಕ್ಕಳು ಹಳ್ಳಿಯಲ್ಲೇ ಇರ್ತಿದ್ದರು, ಅವನು ಫರ್ಲೋ ಪಡೆದು ಊರಿಗೆ ಹೋಗ್ತಿದ್ದ. ಮದ್ರಾಸಿನ ಸಿಪಾಯಿ ಸಂಸಾರವನ್ನ ಪಲ್ಟನ್ನಿನ ಜೊತೆಗೇ ಕಟ್ಟಿಕೊಂಡು ತಿರುಗ್ತಿದ್ದ. ಮನೆಯೇ ಹಿಂದೆ ಬಂದರೆ ರಜೆಯ ಒತ್ತಡ ಕಡಿಮೆ. 1824ರ ಬರ್ಮಾ ಯುದ್ಧದಂತೆ ಸಮುದ್ರ ದಾಟಬೇಕಾದಾಗ ಮಾತ್ರ ಆ ಸಂಸಾರ ದಡದಲ್ಲೇ ಉಳೀತು.

ಈಗಿನ ನಿಯಮ ನಿಮಗೆ ಗೊತ್ತಿರಬಹುದು. ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುವಲ್ ರಜೆ. ಕೊಡೋದು ಬಿಡೋದು ಕಮಾಂಡಿಂಗ್ ಆಫೀಸರ್ ಕೈಯಲ್ಲಿ. 'ರಜಾ' ಪದದ ಹಳೇ ಅರ್ಥ ಇಲ್ಲಿ ಹಾಗೇ ಉಳಿದಿದೆ. 1950ರ ಆರ್ಮಿ ಆಕ್ಟ್‌ನ 39ನೇ ಸೆಕ್ಷನ್ ಪ್ರಕಾರ ರಜೆ ಇಲ್ಲದೆ ಗೈರಾಗೋದು ಅಪರಾಧ; ಸಾಕಷ್ಟು ಕಾರಣ ಇಲ್ಲದೆ ರಜೆ ಮೀರಿ ಉಳಿಯೋದೂ ಅಪರಾಧ, ಮೂರು ವರ್ಷದವರೆಗೆ ಸೆರೆ. 91ನೇ ಸೆಕ್ಷನ್ ಗೈರಾದ ಪ್ರತಿ ದಿನದ ಸಂಬಳ ಕಡಿಯೋಕೆ ಅವಕಾಶ ಕೊಡುತ್ತೆ. 'ಸಾಕಷ್ಟು ಕಾರಣ' ಅನ್ನೋ ಎರಡು ಪದಗಳಲ್ಲೇ ಎಲ್ಲ ಇದೆ. ಕಾರಣ ಕಂಬಂ ಕಣಿವೆಯಲ್ಲಿ ಇರುತ್ತೆ, ಅದನ್ನ ಒಪ್ಪಬೇಕಾದವರು ಸಾವಿರಾರು ಮೈಲಿ ದೂರದಲ್ಲಿ. 2013ರ ಜುಲೈನಲ್ಲಿ ನಿಂತುಹೋಗೋವರೆಗೆ ಈ ನಡುವಿನ ಸೇತುವೆ ಟೆಲಿಗ್ರಾಂ. ಅಪ್ಪ ಸೀರಿಯಸ್ ಅಂತ ಸುಳ್ಳು ತಂತಿ ಕೊಡಿಸೋರೂ ಇದ್ದರು ಅನ್ನೋದು ನಿಜ. ಹಾಗಾಗಿ ನಿಜವಾಗಿ ಸೀರಿಯಸ್ ಆದಾಗ ಅನುಮಾನ. 67 ಮತ್ತು 700ರ ಕಥೆಯೇ ಮತ್ತೆ.

ನನ್ನ ಅಮ್ಮನ ಕಡೆಯವರು ಆ ಕಣಿವೆಯವರು. ದೊಡ್ಡಮಾವ ಫೌಜಿನಲ್ಲಿದ್ದರು. ಸಂಕ್ರಾಂತಿಗೆ ರಜೆ ಸಿಕ್ಕರೆ ಕಂಬಂನ ತಂಬಿರಾನ್ ದನದ ತೊಳುವಿಗೆ ಹೋಗಿ ಕೈಮುಗಿದು ಬರೋರು. ಒಂದು ಸಲ ಅಜ್ಜಿಗೆ ಹುಷಾರಿಲ್ಲದೆ ಆರು ದಿನ ಹೆಚ್ಚಿಗೆ ಉಳಿದರು. ಊರಿನ ಡಾಕ್ಟರ ಚೀಟಿಯನ್ನ ಪಲ್ಟನ್ನಿನಲ್ಲಿ ಒಪ್ಪಲಿಲ್ಲ. ಸಂಬಳ ಕಡಿತ, ದಾಖಲೆಯಲ್ಲಿ ಕೆಂಪು ಶಾಯಿ. ಅಜ್ಜಿ ತೀರಿಕೊಂಡದ್ದು ಅವರು ಹೊರಟ ಮೇಲೆ, ಹನ್ನೆರಡನೇ ದಿನ. ಆಗ ರಜೆ ಕೇಳಲೇ ಇಲ್ಲವಂತೆ.

ಹೋದ ವರ್ಷ ಅವರ ಟ್ರಂಕ್ ತೆಗೆದು ನೋಡಿದೆ. ಅರ್ಜಿ ಹಿಂದಿಯಲ್ಲಿ, ರಜೆ ಸರ್ಟಿಫಿಕೇಟು ಇಂಗ್ಲಿಷಿನಲ್ಲಿ, ಡಾಕ್ಟರ ಚೀಟಿ ತಮಿಳು ಲೆಟರ್‌ಹೆಡ್ಡಿನಲ್ಲಿ. ಕನ್ನಡದ ದಾಖಲೆ ಹುಡುಕ್ತಾ ಹೋದ ನನಗೆ ಸಿಕ್ಕಿದ್ದು ಒಂದು ಸರ್ಟಿಫಿಕೇಟಿನ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಹಾಕಿದ ಲೆಕ್ಕ. ಹೋಗೋಕೆ ಎಷ್ಟು ದಿನ, ಬರೋಕೆ ಎಷ್ಟು, ಕೊಡೈ ರೋಡ್ ಸ್ಟೇಷನ್ನಿಂದ ಬಸ್ಸಿಗೆ ಎಷ್ಟು ಹೊತ್ತು, ಮನೆಯಲ್ಲಿ ಎಷ್ಟು. ಅಕ್ಷರ ತಮಿಳು. ಗಟ್ಟಿಯಾಗಿ ಓದಿದಾಗ ಗೊತ್ತಾಯ್ತು, ಮಾತು ಕನ್ನಡ.