ಹೆರಿಗೆ ವಾರ್ಡಿನಿಂದ ಇಲಾಖೆಯ ಗಾದಿಗೆ: ಮೇರಿ ಪುನ್ನನ್ ಲೂಕೋಸ್

ಭಾರತದ ಮಹಿಳಾ ವೈದ್ಯರ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಪದವಿಗಳಿಂದ ಅಳೆಯುತ್ತೇವೆ. ಆನಂದಿಬಾಯಿ ಜೋಶಿ ಮತ್ತು ಕಾದಂಬಿನಿ ಗಂಗೂಲಿ ವೈದ್ಯರಾದ 1886ನೆಯ ಇಸವಿ ಎಲ್ಲರ ಬಾಯಲ್ಲೂ ಇದೆ. ಆದರೆ ಪದವಿ ಬೇರೆ, ಅಧಿಕಾರ ಬೇರೆ. ನೇಮಕ, ವರ್ಗಾವಣೆ, ಔಷಧಿ ಖರೀದಿ ಯಾರ ಸಹಿಗೆ ಕಾದಿರುತ್ತಿದ್ದವು ಎಂದು ಕೇಳಿದರೆ ಕಥೆ ಬೇರೆ ದಾರಿ ಹಿಡಿಯುತ್ತದೆ.

1885ರಲ್ಲಿ ಆರಂಭವಾದ ಡಫರಿನ್ ನಿಧಿ ಹೆಂಗಸರ ಆಸ್ಪತ್ರೆಗಳನ್ನು ಕಟ್ಟಿಸಿತು. ಅಲ್ಲಿನ ಹುದ್ದೆಗಳು ಪರದೆಯೊಳಗಿನ ರೋಗಿಗೆ ವೈದ್ಯೆಯೇ ಬೇಕೆಂಬ ವಾದದಿಂದ ಹುಟ್ಟಿದವು. ವೈದ್ಯೆ ರುಖ್ಮಾಬಾಯಿಯವರು ಸೂರತ್ತಿನಲ್ಲಿ, ಆಮೇಲೆ ರಾಜಕೋಟದಲ್ಲಿ ದಶಕಗಳ ಕಾಲ ಇಂಥ ಆಸ್ಪತ್ರೆಗಳನ್ನು ನಡೆಸಿದರು. ಅದು ನಿಜವಾದ ನಾಯಕತ್ವವೇ. ಆದರೆ ಅದಕ್ಕೊಂದು ಬೇಲಿಯಿತ್ತು. ಬ್ರಿಟಿಷ್ ಸರ್ಕಾರದ ಇಂಡಿಯನ್ ಮೆಡಿಕಲ್ ಸರ್ವಿಸ್‌ನ ಬಾಗಿಲು ಹೆಂಗಸರಿಗೆ ಮುಚ್ಚಿತ್ತು. 1914ರಲ್ಲಿ ಅವರಿಗೆಂದೇ ಪ್ರತ್ಯೇಕ ಸೇವೆಯೊಂದನ್ನು ಕಟ್ಟಿದಾಗ ಬೇಲಿ ಇನ್ನಷ್ಟು ಗಟ್ಟಿಯಾಯಿತು ಎಂಬುದು ನನ್ನ ಅಭಿಪ್ರಾಯ.

ಆ ಬೇಲಿ ದಾಟಿದ್ದು ತಿರುವಾಂಕೂರು ಸಂಸ್ಥಾನದಲ್ಲಿ. ಅರಮನೆ ವೈದ್ಯರ ಮಗಳಾಗಿ 1886ರಲ್ಲಿ ಹುಟ್ಟಿದ ಮೇರಿ ಪುನ್ನನ್‌ಗೆ ತಿರುವನಂತಪುರದ ಕಾಲೇಜಿನಲ್ಲಿ ಹೆಣ್ಣೆಂಬ ಕಾರಣಕ್ಕೆ ವಿಜ್ಞಾನದ ಸೀಟು ಸಿಗಲಿಲ್ಲ. ಇತಿಹಾಸ ಓದಿ ಬಿ.ಎ. ಮಾಡಿ, ಲಂಡನ್ನಿಗೆ ಹೋಗಿ 1915ರಲ್ಲಿ ವೈದ್ಯೆಯಾದರು. ಮರುವರ್ಷ ಊರಿಗೆ ಮರಳಿ ತಿರುವನಂತಪುರದ ತೈಕಾಡಿನ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಯ ಹೊಣೆ ಹೊತ್ತರು.

ಹೆರಿಗೆಗೆ ಆಸ್ಪತ್ರೆಗೆ ಹೋಗುವುದೆಂದರೆ ಜನ ಹೆದರುತ್ತಿದ್ದ ಕಾಲ. ಮೇರಿ ಉಪನ್ಯಾಸ ಕೊಡುತ್ತ ಕೂರಲಿಲ್ಲ. ತಮ್ಮ ಚೊಚ್ಚಲ ಹೆರಿಗೆಗೆ ತಾವೇ ಆಸ್ಪತ್ರೆಯ ಮಂಚ ಹತ್ತಿದರು. ಸೂಲಗಿತ್ತಿಯರನ್ನು ದೂರ ತಳ್ಳದೆ ಅವರ ಹೆಣ್ಣುಮಕ್ಕಳನ್ನೇ ಕರೆದು ತರಬೇತಿ ಕೊಡಿಸಿದರು. 1920ರಲ್ಲಿ ಕೇರಳದ ಮೊದಲ ಸಿಸೇರಿಯನ್ ಶಸ್ತ್ರಚಿಕಿತ್ಸೆ ಮಾಡಿದರು. ತಿರುವನಂತಪುರಕ್ಕೆ ವಿದ್ಯುತ್ ದೀಪ ಬಂದದ್ದು 1929ರಲ್ಲಿ ಎಂಬುದನ್ನು ನೆನೆದರೆ ಆ ಕೈಗಳ ಧೈರ್ಯ ಕಣ್ಣಿಗೆ ಕಟ್ಟುತ್ತದೆ. ಮುಂದೆ ಅವರಿಗೆ ದೊರೆತ ಅಧಿಕಾರಕ್ಕೆ ಬುನಾದಿ ಲಂಡನ್ನಿನ ಪದವಿಗಿಂತ ಹೆಚ್ಚಾಗಿ ಈ ವಾರ್ಡಿನಲ್ಲಿ ಗಳಿಸಿದ ನಂಬಿಕೆ ಎಂದೇ ನಾನು ತಿಳಿಯುತ್ತೇನೆ.

1924ರಲ್ಲಿ ರೀಜೆಂಟ್ ಮಹಾರಾಣಿ ಸೇತು ಲಕ್ಷ್ಮೀಬಾಯಿ ರಾಜ್ಯದ ಆಡಳಿತ ವಹಿಸಿಕೊಂಡರು. ಅದೇ ವರ್ಷ ಮೇರಿ ದರ್ಬಾರ್ ವೈದ್ಯರಾಗಿ, ಇಡೀ ವೈದ್ಯಕೀಯ ಇಲಾಖೆಯ ಹಂಗಾಮಿ ಮುಖ್ಯಸ್ಥೆಯಾದರು. ಸಿಂಹಾಸನದಲ್ಲಿ ಹೆಣ್ಣೊಬ್ಬಳಿದ್ದುದು ಕಾಕತಾಳೀಯವಲ್ಲ. ಬ್ರಿಟಿಷ್ ಪ್ರಾಂತಗಳಲ್ಲಿ ಸೇವಾನಿಯಮಗಳು ಅಡ್ಡಬರುತ್ತಿದ್ದವು. ಸಂಸ್ಥಾನದಲ್ಲಿ ಆಳುವವರ ಮನಸ್ಸು ಗಟ್ಟಿಯಿದ್ದರೆ ಸಾಕಿತ್ತು. 1938ರಲ್ಲಿ ಅವರು ಪೂರ್ಣಾವಧಿ ಸರ್ಜನ್ ಜನರಲ್ ಆದಾಗ 32 ಸರ್ಕಾರಿ ಆಸ್ಪತ್ರೆಗಳು, 40 ಔಷಧಾಲಯಗಳು ಅವರ ಕೈಕೆಳಗಿದ್ದವು. ಗಂಡಸು ವೈದ್ಯರು ತಮ್ಮ ವರದಿಗಳನ್ನು ಕಳಿಸಬೇಕಾದದ್ದು ಅವರ ಮೇಜಿಗೇ.

1942ರಲ್ಲಿ ನಿವೃತ್ತರಾಗುವ ಹೊತ್ತಿಗೆ ಅವರು ಕೈಹಾಕಿದ ಕೆಲಸಗಳಲ್ಲಿ ನಾಗರಕೋಯಿಲಿನ ಕ್ಷಯರೋಗ ಚಿಕಿತ್ಸಾಧಾಮವಿತ್ತು, ತಿರುವನಂತಪುರದ ಎಕ್ಸ್-ರೇ ಮತ್ತು ರೇಡಿಯಂ ಸಂಸ್ಥೆಯಿತ್ತು. ಎರಡೂ ಹೆರಿಗೆ ಆಸ್ಪತ್ರೆಯ ಲೆಕ್ಕಕ್ಕೆ ಸೇರುವಂಥವಲ್ಲ. ಕ್ಷಯವಾಗಲಿ ಕ್ಯಾನ್ಸರಾಗಲಿ ಗಂಡು ಹೆಣ್ಣೆಂದು ನೋಡಿ ಬರುವ ರೋಗವಲ್ಲ.